ಪೆಟ್ರೋಲಿನ ಬಡಿತವೂ ಸೀಸದ ಕಥೆಯೂ



ಏರುದಾರಿಯಲ್ಲಿ ಭಾರವನ್ನೆಳೆಯುತ್ತಿರುವ ಮೋಟಾರು ಗಾಡಿಯ ಎಂಜಿನಿನೊಳಗಿಂದ, ಚಿಕ್ಕ ಸುತ್ತಿಗೆಯಿಂದ ಕಬ್ಬಿಣವನ್ನು ತಟ್ಟಿದಂತೆ ಟಣಟಣ ಶಬ್ದವೊಂದು ಕೇಳಿಬರುವುದುಂಟು. ಗಾಡಿ ನಡೆಸಿ ಅನುಭವವಿದ್ದವರಿಗೆಲ್ಲ ಇದರ ಪರಿಚಯವಿರುತ್ತದೆ. ಇದಕ್ಕೆ ಎಂಜಿನಿನ ಬಡಿತವೆಂದು ಹೆಸರು. ಕೇಳುವುದಕ್ಕೆ ಇದು ಅಲ್ಪವಾದ ಶಬ್ದ. ಆದರೆ ಇದನ್ನು ಅಡಗಿಸುವುದಕ್ಕಾಗಿ ಇಪ್ಪತ್ತನೆಯ ಶತಮಾನದ ಆದಿಯಲ್ಲಿ ಮನುಷ್ಯರು ಹೂಡಿದ ಉಪಾಯವೊಂದು ಭೂಮಂಡಲದ ಗಾಳಿ, ಮಣ್ಣು, ಹಿಮ ಇವುಗಳನ್ನೆಲ್ಲ ಮುಟ್ಟಿತು. ಮಕ್ಕಳ ರಕ್ತವನ್ನೂ ಹೊಕ್ಕಿತು. ಆ ಉಪಾಯದ ಹೆಸರು ಪೆಟ್ರೋಲಿಗೆ ಸೀಸವನ್ನು ಬೆರಸುವುದು. 1923ರಲ್ಲಿ ಮೊದಲಾದ ಈ ಪದ್ಧತಿಯು ರಸ್ತೆಯ ವಾಹನಗಳ ಮಟ್ಟಿಗೆ ಕಡೆಗೊಂಡದ್ದು 2021ರಲ್ಲಿ. ಈ 98 ವರ್ಷಗಳ ವೃತ್ತಾಂತವನ್ನೂ, ಅದರಿಂದ ನಾವು ಕಲಿಯಬೇಕಾದುದೇನೆಂಬುದನ್ನೂ ಈ ಹೊತ್ತು ತಮ್ಮ ಮುಂದೆ ಇಡಬೇಕೆಂದಿದ್ದೇವೆ.

ಮೊದಲು ಪೆಟ್ರೋಲೆಂದರೇನೆಂಬುದನ್ನು ನೋಡೋಣ. ಭೂಮಿಯೊಳಗಿಂದ ತೆಗೆದ ಖನಿಜ ತೈಲವು ಒಂದೇ ವಸ್ತುವಲ್ಲ. ಇಂಗಾಲ ಮತ್ತು ಜಲಜನಕಗಳು ನಾನಾ ವಿಧವಾಗಿ ಕೂಡಿ ಆಗಿರುವ ನೂರಾರು ವಸ್ತುಗಳ ಮಿಶ್ರಣ. ಅದನ್ನು ಕಾಯಿಸಿ ಭಟ್ಟಿಯಿಳಿಸಿದರೆ ಬೇಗ ಆವಿಯಾಗುವ ಹಗುರ ಭಾಗಗಳು ಮೊದಲೂ, ಸೀಮೆಎಣ್ಣೆ ಮೊದಲಾದುವು ಅನಂತರವೂ ಬೇರ್ಪಡುತ್ತವೆ; ಡಾಂಬರಿನಂಥ ಭಾರದ ಭಾಗವು ಕೆಳಗೆ ಉಳಿಯುತ್ತದೆ. ಆ ಹಗುರ ಭಾಗವೇ ಪೆಟ್ರೋಲಿನ ಮೂಲ. ನಮ್ಮ ದೇಶದಲ್ಲಿ ಅಸ್ಸಾಮಿನ ಡಿಗ್ಬಾಯಿಯಲ್ಲಿ 1901ರಿಂದಲೇ ಈ ಕೆಲಸ ನಡೆದುಬಂದಿದೆ. ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ಇಂಗಾಲದ ಪರಮಾಣುಗಳು ಮಣಿಸರದಂತೆ ಒಂದೇ ಸಾಲಿನಲ್ಲಿ ನಿಂತಿರುವ ವಸ್ತುವೂ, ಮರದ ಕೊಂಬೆಗಳಂತೆ ಕವಲೊಡೆದು ನಿಂತಿರುವ ವಸ್ತುವೂ ತೂಕದಲ್ಲಿ ಸಮನಾಗಿದ್ದರೂ ಎಂಜಿನಿನೊಳಗೆ ಅವು ನಡೆದುಕೊಳ್ಳುವ ರೀತಿ ಬೇರೆ ಬೇರೆ. ಸರದಂತಿರುವುದು ಆತುರಗಾರ, ಶಾಖವೂ ಒತ್ತಡವೂ ಏರಿದೊಡನೆ ತಾನಾಗಿ ಹೊತ್ತಿಕೊಳ್ಳುತ್ತದೆ. ಕವಲೊಡೆದಿರುವುದು ತಾಳ್ಮೆಯುಳ್ಳದ್ದು, ಕಿಡಿ ಬಂದು ಮುಟ್ಟುವವರೆಗೆ ಕಾದಿರುತ್ತದೆ. ಮುಂದೆ ಹೇಳುವುದೆಲ್ಲ ಈ ಒಂದು ಭೇದದ ಮೇಲೆ ನಿಂತಿದೆ.

ಎಂಜಿನಿನ ಸಿಲಿಂಡರಿನೊಳಗೆ ಪೆಟ್ರೋಲಿನ ಆವಿಯೂ ಗಾಳಿಯೂ ಬೆರೆತು ಸೇರುತ್ತವೆ. ಪಿಸ್ಟನ್ನು ಮೇಲಕ್ಕೆ ಬಂದು ಆ ಮಿಶ್ರಣವನ್ನು ಒತ್ತುತ್ತದೆ. ಒತ್ತಿ ಮುಗಿಯುವ ಹೊತ್ತಿಗೆ ವಿದ್ಯುತ್ತಿನ ಕಿಡಿ ಹಾರುತ್ತದೆ, ಮಿಶ್ರಣ ಉರಿಯುತ್ತದೆ, ಬಿಸಿಯಾದ ವಾಯುಗಳು ಹಿಗ್ಗಿ ಪಿಸ್ಟನ್ನನ್ನು ಕೆಳಕ್ಕೆ ತಳ್ಳುತ್ತವೆ. ಮಿಶ್ರಣವನ್ನು ಎಷ್ಟು ಹೆಚ್ಚಾಗಿ ಒತ್ತಿ ಉರಿಸುತ್ತೇವೆಯೋ ಅದರಿಂದ ಅಷ್ಟು ಹೆಚ್ಚು ಕೆಲಸ ದೊರೆಯುತ್ತದೆ. ಶಾಸ್ತ್ರದ ಲೆಕ್ಕದಂತೆ, ಮಿಶ್ರಣವನ್ನು ನಾಲ್ಕನೆಯ ಒಂದು ಪಾಲಿಗೆ ಒತ್ತುವ ಆದರ್ಶ ಎಂಜಿನು ಶಾಖದಲ್ಲಿ ಶೇಕಡ 43 ಭಾಗವನ್ನು ಕೆಲಸವಾಗಿ ಮಾರ್ಪಡಿಸಬಲ್ಲದು. ಎಂಟನೆಯ ಒಂದು ಪಾಲಿಗೆ ಒತ್ತುವುದು ಶೇಕಡ 56 ಭಾಗವನ್ನು ಮಾರ್ಪಡಿಸಬಲ್ಲದು. ನಿಜವಾದ ಎಂಜಿನುಗಳಲ್ಲಿ ದೊರೆಯುವುದು ಇದಕ್ಕಿಂತ ಬಹಳ ಕಡಮೆ. ಆದರೂ ಒತ್ತಡ ಹೆಚ್ಚಿದಷ್ಟೂ ಲಾಭವೆಂಬ ನಿಯಮ ತಪ್ಪುವುದಿಲ್ಲ. ಅದೇ ಪೆಟ್ರೋಲಿನಿಂದ ಹೆಚ್ಚು ದೂರ ಹೋಗಬೇಕಾದರೆ ಹೆಚ್ಚು ಒತ್ತಬೇಕು.

ಆದರೆ ಒತ್ತಿದರೆ ಶಾಖವೇರುತ್ತದೆ. ಕಿಡಿಯಿಂದ ಹೊರಟ ಜ್ವಾಲೆಯು ಸಿಲಿಂಡರಿನ ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ಕ್ರಮವಾಗಿ ಸಾಗಬೇಕಷ್ಟೆ. ಅದು ಸಾಗುವಷ್ಟರಲ್ಲಿ, ಇನ್ನೂ ಉರಿಯದೆ ಉಳಿದಿರುವ ಮೂಲೆಯ ಮಿಶ್ರಣವು ಮತ್ತಷ್ಟು ಒತ್ತಲ್ಪಟ್ಟು, ಜ್ವಾಲೆಯ ದಾರಿಯನ್ನು ಕಾಯದೆ, ಒಟ್ಟಿಗೇ ತಾನಾಗಿ ಸಿಡಿಯುತ್ತದೆ. ಆ ಸಿಡಿತದಿಂದ ಹುಟ್ಟಿದ ಒತ್ತಡದ ಅಲೆಗಳು ಲೋಹದ ಗೋಡೆಗಳನ್ನು ಹೊಡೆಯುತ್ತವೆ. ನಾವು ಕೇಳುವ ಬಡಿತ ಇದೇ. ಇದು ಬಹುಕಾಲ ನಡೆದರೆ ಪಿಸ್ಟನ್ನು ಸುಟ್ಟು ತೂತಾಗುವುದೂ ಉಂಟು. ಹೀಗೆ ಹೆಚ್ಚು ಶಕ್ತಿಯುಳ್ಳ ಎಂಜಿನನ್ನು ಕಟ್ಟಬೇಕೆಂದವರಿಗೆಲ್ಲ ಪೆಟ್ರೋಲಿನ ಆತುರವೇ ಅಡ್ಡಿಯಾಯಿತು.

ಅಮೆರಿಕದ ಓಹಾಯೋ ಪ್ರಾಂತದ ಡೇಟನ್ ನಗರದಲ್ಲಿ ಚಾರ್ಲ್ಸ್ ಕೆಟರಿಂಗ್ ಎಂಬ ಪ್ರಸಿದ್ಧ ಯಂತ್ರಶಿಲ್ಪಿಗಳಿದ್ದರು. ಕೈಯಿಂದ ತಿರುಗಿಸದೆ ವಿದ್ಯುತ್ತಿನಿಂದಲೇ ಮೋಟಾರನ್ನು ಹೊರಡಿಸುವ ಉಪಕರಣವನ್ನು ಕಲ್ಪಿಸಿ 1912ರ ಕ್ಯಾಡಿಲಾಕ್ ಗಾಡಿಗಳಿಗೆ ಒದಗಿಸಿದವರು ಅವರು. ಗಾಡಿಗಳಲ್ಲಿ ಬಡಿತ ಕೇಳಿಬಂದಾಗ ಅವರ ವಿದ್ಯುತ್ ಉಪಕರಣವೇ ಕಾರಣವೆಂಬ ಆಕ್ಷೇಪಣೆ ಹುಟ್ಟಿತು. ನಿಜವನ್ನು ಹುಡುಕುವ ಕೆಲಸವನ್ನು ಅವರು 1916ರಲ್ಲಿ ತಮ್ಮ ಬಳಿ ಸೇರಿದ ತರುಣ ಥಾಮಸ್ ಮಿಡ್ಜ್‌ಲಿಯವರಿಗೆ ಒಪ್ಪಿಸಿದರು. ದೋಷವು ಕಿಡಿಯಲ್ಲಿಲ್ಲ, ಇಂಧನದಲ್ಲಿದೆ ಎಂಬುದು ಪರೀಕ್ಷೆಯಿಂದ ಗೊತ್ತಾಯಿತು. ಇಂಧನಕ್ಕೆ ಕೆಂಪು ಬಣ್ಣವಿದ್ದರೆ ಅದು ಶಾಖವನ್ನು ಬೇಗ ಹೀರಿ ಸುಲಭವಾಗಿ ಆವಿಯಾಗಬಹುದೆಂಬ ಊಹೆಯಿಂದ ಅಯೋಡಿನ್ ಬೆರಸಿ ನೋಡಿದರು. ಬಡಿತ ನಿಂತಿತು! ಬೇರೆ ಕೆಂಪು ಬಣ್ಣಗಳನ್ನು ಬೆರಸಿದರೆ ನಿಲ್ಲಲಿಲ್ಲ. ಊಹೆ ತಪ್ಪು, ಫಲ ಮಾತ್ರ ಸತ್ಯ. ಬಣ್ಣಕ್ಕೂ ಇದಕ್ಕೂ ಸಂಬಂಧವಿಲ್ಲವೆಂದೂ, ಕೆಲವು ವಸ್ತುಗಳು ಅಲ್ಪ ಪ್ರಮಾಣದಲ್ಲಿಯೇ ಇಂಧನದ ಆತುರವನ್ನು ತಡೆಯುತ್ತವೆಯೆಂದೂ ತಿಳಿದುಬಂದಿತು.

ಅಲ್ಲಿಂದ ಮುಂದೆ ವರ್ಷಗಟ್ಟಲೆ ಹುಡುಕಾಟ ನಡೆಯಿತು. ಅನಿಲೀನ್ ಕೆಲಸ ಮಾಡಿತು, ದುರ್ವಾಸನೆ ಬೀರಿತು. ಸೆಲೆನಿಯಂ, ಟೆಲ್ಯೂರಿಯಂಗಳು ಇನ್ನೂ ಚೆನ್ನಾಗಿ ಕೆಲಸ ಮಾಡಿದುವು. ಆದರೆ ಟೆಲ್ಯೂರಿಯಮಿನ ನಾತವು ಮುಟ್ಟಿದವರ ಮೈಬಟ್ಟೆಗಳನ್ನೇ ಬಿಡಲಿಲ್ಲ. ಕಡೆಗೆ 1921ರ ಡಿಸೆಂಬರ್ 9ರಂದು ಟೆಟ್ರಾಈಥೈಲ್ ಸೀಸವೆಂಬ ದ್ರವವನ್ನು ಪರೀಕ್ಷಿಸಿದರು. ಇದು ಹೊಸ ವಸ್ತುವೇನಲ್ಲ. 1853ರಲ್ಲಿಯೇ ಜರ್ಮನಿಯ ರಸಾಯನಶಾಸ್ತ್ರಜ್ಞ ಲೋವಿಗ್ ಇದನ್ನು ತಯಾರಿಸಿದ್ದರು. ಒಂದು ಅಮೆರಿಕನ್ ಗ್ಯಾಲನ್ ಪೆಟ್ರೋಲಿಗೆ 3 ಘನ ಸೆಂಟಿಮೀಟರು, ಎಂದರೆ ಸುಮಾರು 1,260 ಪಾಲಿಗೆ ಒಂದು ಪಾಲು ಬೆರಸಿದರೆ ಸಾಕು, ಬಡಿತ ಅಡಗಿಹೋಗುತ್ತಿತ್ತು. ಎಂಜಿನಿನ ಶಾಖದಲ್ಲಿ ಈ ದ್ರವವು ಒಡೆದು ಸೀಸದ ಅತಿಸೂಕ್ಷ್ಮ ಕಣಗಳು ಹುಟ್ಟುತ್ತವೆ. ಅವು, ಇಂಧನವು ತಾನಾಗಿ ಹೊತ್ತಿಕೊಳ್ಳುವುದಕ್ಕೆ ಕಾರಣವಾದ ರಾಸಾಯನಿಕ ಕ್ರಿಯೆಗಳ ಸರಪಣಿಯನ್ನು ನಡುವೆಯೇ ಕಡಿದುಹಾಕುತ್ತವೆ. ಆದರೆ ಆ ಸೀಸವು ಸಿಲಿಂಡರಿನೊಳಗೇ ಉಳಿದರೆ ಕಿಡಿಯ ಮೂತಿಗೂ ಕವಾಟಗಳಿಗೂ ಮೆತ್ತಿ ಕೆಡಿಸುತ್ತದೆ. ಆದಕಾರಣ ಬ್ರೋಮಿನ್ ಸೇರಿದ ಮತ್ತೊಂದು ದ್ರವವನ್ನೂ ಕೂಡಿಸಿದರು. ಸೀಸವು ಬ್ರೋಮಿನ್ನಿನೊಡನೆ ಸೇರಿ ಆವಿಯಾಗಿ ಹೊಗೆಕೊಳವೆಯಿಂದ ಹೊರಕ್ಕೆ ಹೋಗುವಂತಾಯಿತು. ಎಂಜಿನು ಶುದ್ಧವಾಯಿತು, ಅದರೊಳಗಿನ ಕಲ್ಮಷವು ಬೀದಿಯ ಪಾಲಾಯಿತು. ಲೆಕ್ಕವನ್ನು ನೋಡಿರಿ: ಈ ಪ್ರಮಾಣದಲ್ಲಿ ಬೆರಸಿದ ಹತ್ತು ಗ್ಯಾಲನ್ ಪೆಟ್ರೋಲಿನಲ್ಲಿ 30 ಗ್ರಾಮಿಗೂ ಹೆಚ್ಚು ಸೀಸವಿರುತ್ತಿತ್ತು.

ಬಡಿತವನ್ನು ಅಡಗಿಸುವುದಕ್ಕೆ ಬೇರೆ ದಾರಿಯೇ ಇರಲಿಲ್ಲವೆ? ಇದ್ದಿತು. ಮದ್ಯಸಾರವನ್ನು ಬೆರಸಿದರೆ ಬಡಿತ ನಿಲ್ಲುತ್ತದೆಂಬುದನ್ನು ಕೆಟರಿಂಗ್ ಮಿಡ್ಜ್‌ಲಿಯವರು ಚೆನ್ನಾಗಿ ಬಲ್ಲವರಾಗಿದ್ದರು. ಆದರೆ ಮದ್ಯಸಾರವನ್ನು ಹತ್ತಕ್ಕೆ ಒಂದು ಪಾಲಿಗೆ ಕಡಮೆಯಿಲ್ಲದಂತೆ ಬೆರಸಬೇಕು. ದೇಶಕ್ಕೆಲ್ಲ ಸಾಲುವಷ್ಟು ಮದ್ಯಸಾರವನ್ನು ಬಟ್ಟಿಯಿಳಿಸಬೇಕು. ಮೇಲಾಗಿ ಯಾರು ಬೇಕಾದರೂ ಮಾಡಬಹುದಾದ ವಸ್ತುವಿನ ಮೇಲೆ ಏಕಸ್ವಾಮ್ಯದ ಹಕ್ಕು ದೊರೆಯುವುದಿಲ್ಲ. ಸೀಸದ ದ್ರವವಾದರೋ ಚಮಚದಷ್ಟು ಸಾಕು, ಅಗ್ಗ, ಹಕ್ಕಿನ ಪತ್ರವೂ ಕೈಯಲ್ಲಿ. 1923ರ ಫೆಬ್ರವರಿಯಲ್ಲಿ ಡೇಟನ್ ನಗರದ ಒಂದು ಅಂಗಡಿಯಲ್ಲಿ ಸೀಸ ಬೆರೆತ ಪೆಟ್ರೋಲು ಮಾರಾಟಕ್ಕೆ ಬಂದಿತು. 1924ರಲ್ಲಿ ಜನರಲ್ ಮೋಟಾರ್ಸ್ ಮತ್ತು ನ್ಯೂಜೆರ್ಸಿಯ ಸ್ಟ್ಯಾಂಡರ್ಡ್ ಆಯಿಲ್ ಕಂಪೆನಿಗಳು ಕೂಡಿ ಇದಕ್ಕಾಗಿಯೇ ಈಥೈಲ್ ಕಾರ್ಪೊರೇಷನ್ ಎಂಬುದನ್ನು ಸ್ಥಾಪಿಸಿದುವು. ವಸ್ತುವಿನ ಹೆಸರಿನಲ್ಲಿದ್ದ ‘ಸೀಸ’ವೆಂಬ ಮಾತನ್ನು ಬಿಟ್ಟು ‘ಈಥೈಲ್’ ಎಂಬುದನ್ನು ಮಾತ್ರ ಮಾರಾಟದ ಹೆಸರಾಗಿ ಇಟ್ಟುಕೊಂಡದ್ದು ಗಮನಿಸತಕ್ಕ ಸಂಗತಿ.

ಸೀಸವು ವಿಷವೆಂಬುದು ಆಗ ಹೊಸದಾಗಿ ತಿಳಿಯಬೇಕಾದ ವಿಷಯವೇನಾಗಿರಲಿಲ್ಲ. ಬಣ್ಣ ಬಳಿಯುವವರಿಗೂ ಸೀಸ ಕರಗಿಸುವವರಿಗೂ ಹೊಟ್ಟೆನೋವು, ಕೈಸೋಲು, ಬುದ್ಧಿಭ್ರಮಣೆಗಳು ಬರುತ್ತವೆಂಬುದು ವೈದ್ಯರಿಗೆ ಪೂರ್ವಕಾಲದಿಂದಲೂ ಗೊತ್ತು. ಇಲ್ಲಿಯ ಸೀಸವು ಇನ್ನೂ ಅಪಾಯಕಾರಿ. ಎಣ್ಣೆಯಂತಿರುವುದರಿಂದ ಚರ್ಮದ ಮೂಲಕವೂ ಒಳಸೇರಿ ಮಿದುಳನ್ನು ಹಿಡಿಯುತ್ತದೆ. 1924ರ ಅಕ್ಟೋಬರಿನಲ್ಲಿ ನ್ಯೂಜೆರ್ಸಿಯ ಬೇವೇ ಎಂಬಲ್ಲಿದ್ದ ತಯಾರಿಕೆಯ ಶಾಲೆಯಲ್ಲಿ ಕೆಲಸಗಾರರು ಒಬ್ಬರ ಹಿಂದೊಬ್ಬರು ಚಿತ್ತಭ್ರಮೆಗೊಂಡರು. ಐವರು ತೀರಿಕೊಂಡರು, ಅನೇಕರು ಆಸ್ಪತ್ರೆ ಸೇರಿದರು. ಅದೇ ತಿಂಗಳ ಕಡೆಯಲ್ಲಿ ಮಿಡ್ಜ್‌ಲಿಯವರು ಪತ್ರಿಕಾಪ್ರತಿನಿಧಿಗಳ ಎದುರಿಗೆ ಆ ದ್ರವದಿಂದ ಕೈತೊಳೆದುಕೊಂಡು, ಅದನ್ನು ಮೂಸಿ, ಅಪಾಯವಿಲ್ಲವೆಂದು ತೋರಿಸಿದರು. ಅದಕ್ಕೆ ಹಿಂದಿನ ವರ್ಷ ಅವರೇ ಸೀಸದ ವಿಷದಿಂದ ನರಳಿ ಫ್ಲಾರಿಡಾದಲ್ಲಿ ವಿಶ್ರಾಂತಿ ಪಡೆದು ಬಂದಿದ್ದರು.

1925ರ ಮೇ 20ರಂದು ವಾಷಿಂಗ್ಟನ್ನಿನಲ್ಲಿ ಸರ್ಕಾರದ ಆರೋಗ್ಯಾಧಿಕಾರಿಗಳು ಒಂದು ಸಮಾಲೋಚನ ಸಭೆಯನ್ನು ಕರೆದರು. ಈ ಸಭೆಯು ಈ ವೃತ್ತಾಂತದ ಕೇಂದ್ರವೆಂದು ನಾವು ಭಾವಿಸುತ್ತೇವೆ. ಅಲ್ಲಿ ಎರಡು ನ್ಯಾಯಗಳು ಎದುರುಬದುರಾಗಿ ನಿಂತುವು. ತೈಲಸಂಪತ್ತನ್ನು ಉಳಿಸುವ ಇಂಥ ವಸ್ತುವನ್ನು ಬರಿಯ ಭಯದಿಂದ ಬಿಡಲಾಗದು, ಬೀದಿಯ ಜನರಿಗೆ ಕೇಡಾಗಿದೆಯೆಂದು ಯಾರಾದರೂ ತೋರಿಸಲಿ ಎಂಬುದು ಕಂಪೆನಿಗಳ ಪಕ್ಷ. ಯೇಲ್ ವಿಶ್ವವಿದ್ಯಾಲಯದ ಯಾಂಡೆಲ್ ಹೆಂಡರ್ಸನ್ ಅವರೂ, ಹಾರ್ವರ್ಡಿನ ವೈದ್ಯೆ ಆಲಿಸ್ ಹ್ಯಾಮಿಲ್ಟನ್ ಅವರೂ ಮತ್ತೊಂದು ಪಕ್ಷವನ್ನು ಹಿಡಿದರು. ಕೆಲಸಗಾರರನ್ನು ಕೈಚೀಲ, ಗಾಳಿಕಿಂಡಿಗಳಿಂದ ಕಾಪಾಡಬಹುದು. ಆದರೆ ದೇಶದ ಬೀದಿಬೀದಿಗಳಲ್ಲಿ ಸೀಸದ ಧೂಳು ಮೆಲ್ಲಮೆಲ್ಲನೆ ಶೇಖರವಾದರೆ ಅದನ್ನು ತಡೆಯುವವರಾರು? ಕೇಡು ಕಣ್ಣಿಗೆ ಕಾಣುವ ಹೊತ್ತಿಗೆ ಕಾಲ ಮೀರಿರುತ್ತದೆ. ಆದ್ದರಿಂದ ಕೇಡಿಲ್ಲವೆಂದು ತೋರಿಸಬೇಕಾದ ಹೊಣೆ ಮಾರುವವನದು ಎಂಬುದು ಅವರ ವಾದದ ತಿರುಳು.

ಮಾರಾಟ ಕೆಲವು ಕಾಲ ನಿಂತಿತು. ಸರ್ಕಾರ ನೇಮಿಸಿದ ಮಂಡಲಿಯು ಕೆಲವೇ ತಿಂಗಳುಗಳಲ್ಲಿ 252 ಮಂದಿ ಚಾಲಕರನ್ನೂ ಗ್ಯಾರೇಜಿನ ಕೆಲಸಗಾರರನ್ನೂ ಪರೀಕ್ಷಿಸಿ, 1926ರ ಜನವರಿಯಲ್ಲಿ, ಮಾರಾಟವನ್ನು ನಿಷೇಧಿಸಲು ಸದ್ಯಕ್ಕೆ ತಕ್ಕ ಕಾರಣವಿಲ್ಲವೆಂದು ವರದಿ ಮಾಡಿತು. ಆದರೆ ಅಷ್ಟು ಅಲ್ಪಕಾಲದ ಪರೀಕ್ಷೆ ಸಾಲದು, ಬಳಕೆ ಹೆಚ್ಚಿದಂತೆಲ್ಲ ವಿಚಾರಣೆ ಮುಂದುವರಿಯಬೇಕೆಂಬ ಎಚ್ಚರಿಕೆಯನ್ನೂ ಅದೇ ವರದಿ ಕೊಟ್ಟಿತ್ತು. ವರದಿಯ ಮೊದಲ ಮಾತು ನಡೆಯಿತು. ಎರಡನೆಯ ಮಾತು ಕಾಗದದಲ್ಲಿ ಉಳಿಯಿತು. ಮುಂದೆ ಸುಮಾರು ನಲವತ್ತು ವರ್ಷಕಾಲ ಈ ವಿಷಯದಲ್ಲಿ ನಡೆದ ಸಂಶೋಧನೆಯಲ್ಲಿ ಬಹುಭಾಗ ಕಂಪೆನಿಗಳ ಹಣದಿಂದಲೇ, ಅವುಗಳ ವೈದ್ಯಸಲಹೆಗಾರರಾದ ರಾಬರ್ಟ್ ಕೆಹೋ ಅವರ ಮೇಲ್ವಿಚಾರಣೆಯಲ್ಲಿ ನಡೆಯಿತು. ದೇಹದಲ್ಲಿ ಸೀಸವಿರುವುದು ಸಹಜ, ಒಂದು ಮಿತಿಯವರೆಗೆ ಅದರಿಂದ ಕೇಡಿಲ್ಲ ಎಂಬುದು ಕೆಹೋ ಅವರ ಮತ.

ಇನ್ನು ಪೆಟ್ರೋಲಿನ ಗುಣವನ್ನು ಅಳೆಯುವ ಬಗೆಯನ್ನು ಹೇಳಬೇಕು. ಬಡಿತದ ವಿಷಯದಲ್ಲಿ ಯಾವ ಪೆಟ್ರೋಲು ಎಷ್ಟು ಒಳ್ಳೆಯದೆಂದು ಹೇಳಲು 1926ರವರೆಗೆ ಒಪ್ಪಿದ ಅಳತೆಯೇ ಇರಲಿಲ್ಲ. ಆಗ ಗ್ರಹಾಂ ಎಡ್ಗರ್ ಎಂಬ ರಸಾಯನಶಾಸ್ತ್ರಜ್ಞರು ಒಂದು ಸರಳವಾದ ತಕ್ಕಡಿಯನ್ನು ಸೂಚಿಸಿದರು. ಇಂಗಾಲದ ಸರ ನೇರವಾಗಿರುವ ಹೆಪ್ಟೇನ್ ಬಹಳ ಬೇಗ ಬಡಿಯುತ್ತದೆ, ಅದಕ್ಕೆ ಸೊನ್ನೆ. ಕವಲೊಡೆದ ಐಸೊಆಕ್ಟೇನ್ ಬಹಳ ತಾಳುತ್ತದೆ, ಅದಕ್ಕೆ ನೂರು. ಆ ಶುದ್ಧ ಹೆಪ್ಟೇನನ್ನು ಆಗ ಕ್ಯಾಲಿಫೋರ್ನಿಯದ ಒಂದು ಜಾತಿಯ ಪೈನ್ ಮರದ ರಾಳದಿಂದ ಪಡೆಯುತ್ತಿದ್ದರೆಂಬುದು ಸ್ವಾರಸ್ಯವಾದ ವಿಷಯ. ಒತ್ತಡವನ್ನು ಏರಿಸಿ ಇಳಿಸಲು ಬರುವ ಒಂಟಿ ಸಿಲಿಂಡರಿನ ಪರೀಕ್ಷಾ ಎಂಜಿನಿನಲ್ಲಿ ಪೆಟ್ರೋಲನ್ನು ಉರಿಸಿ, ಅದರ ಬಡಿತವು ಈ ಎರಡರ ಯಾವ ಮಿಶ್ರಣದ ಬಡಿತಕ್ಕೆ ಸಮನೆಂದು ನೋಡುತ್ತಾರೆ. 91 ಪಾಲು ಐಸೊಆಕ್ಟೇನೂ 9 ಪಾಲು ಹೆಪ್ಟೇನೂ ಕೂಡಿದ ಮಿಶ್ರಣಕ್ಕೆ ಸಮನಾದರೆ ಆ ಪೆಟ್ರೋಲಿನ ಆಕ್ಟೇನ್ ಸಂಖ್ಯೆ 91. ಹೀಗಿರುವುದರಿಂದ, ಈ ಸಂಖ್ಯೆಯು ಪೆಟ್ರೋಲಿನ ಶಕ್ತಿಯ ಅಳತೆಯಲ್ಲ, ತಾಳ್ಮೆಯ ಅಳತೆ. ಪರೀಕ್ಷೆಯಲ್ಲಿಯೂ ಎರಡು ಕ್ರಮಗಳುಂಟು: ಎಂಜಿನನ್ನು ನಿಮಿಷಕ್ಕೆ 600 ಸುತ್ತು ನಡೆಸುವುದೊಂದು, 900 ಸುತ್ತು ಹೆಚ್ಚು ಶಾಖದಲ್ಲಿ ನಡೆಸುವುದು ಇನ್ನೊಂದು. ನಮ್ಮ ದೇಶದಲ್ಲಿ ಹೇಳುವುದು ಮೊದಲನೆಯದರ ಅಂಕ. ಅಮೆರಿಕದಲ್ಲಿ ಎರಡರ ಸರಾಸರಿ. ಆದ್ದರಿಂದ ಅಲ್ಲಿಯ 87ನ್ನು ಇಲ್ಲಿಯ 91ರ ಪಕ್ಕದಲ್ಲಿಟ್ಟು ನಮ್ಮದೇ ಮೇಲೆಂದು ಹಿಗ್ಗಬೇಕಾದುದಿಲ್ಲ.

ಎರಡನೆಯ ಮಹಾಯುದ್ಧವು ಆಕ್ಟೇನ್ ಸಂಖ್ಯೆಯ ಮಹತ್ತ್ವವನ್ನು ಲೋಕಕ್ಕೆ ತೋರಿಸಿತು. 1940ರಲ್ಲಿ ಬ್ರಿಟಿಷ್ ವಿಮಾನದಳವು ತನ್ನ ಕಾದಾಟದ ವಿಮಾನಗಳಿಗೆ 87ರ ಬದಲು 100 ಆಕ್ಟೇನಿನ ಇಂಧನವನ್ನು ಒದಗಿಸಿಕೊಂಡಿತು. ಸ್ಪಿಟ್‌ಫೈರ್, ಹರಿಕೇನ್ ವಿಮಾನಗಳ ಮರ್ಲಿನ್ ಎಂಜಿನುಗಳನ್ನು ಹೆಚ್ಚು ಒತ್ತಡದಲ್ಲಿ ಬಡಿತವಿಲ್ಲದೆ ನಡೆಸಲು ಅದರಿಂದ ಸಾಧ್ಯವಾಯಿತು. ಆ ಇಂಧನದಲ್ಲಿ ಸೀಸವೂ ಇದ್ದಿತು, ಶುದ್ಧೀಕರಣದ ಹೊಸ ವಿದ್ಯೆಯೂ ಇದ್ದಿತು. ಭಾರದ ಎಣ್ಣೆಯನ್ನು ವೇಗವರ್ಧಕ ವಸ್ತುವಿನ ಮೇಲೆ ಹಾಯಿಸಿ ಒಡೆಯುವ ವಿಧಾನವನ್ನು ಫ್ರಾನ್ಸಿನ ಯೂಜೀನ್ ಹೂಡ್ರಿಯವರು ಬೆಳಸಿ, 1937ರಲ್ಲಿ ಪೆನ್ಸಿಲ್ವೇನಿಯದ ಮಾರ್ಕಸ್ ಹುಕ್‌ನಲ್ಲಿ ದೊಡ್ಡ ಪ್ರಮಾಣದಲ್ಲಿ ನಡೆಸಿ ತೋರಿಸಿದ್ದರು. 1949ರಲ್ಲಿ ವ್ಲಾಡಿಮಿರ್ ಹೆನ್ಸೆಲ್ ಅವರ ವಿಧಾನ ಬಳಕೆಗೆ ಬಂದಿತು. ಇದರಲ್ಲಿ ಪ್ಲಾಟಿನಮ್ಮಿನ ನೆರವಿನಿಂದ, ನೇರ ಸರದ ವಸ್ತುಗಳು ಹೆಚ್ಚು ಆಕ್ಟೇನಿನ ಬೇರೆ ರೂಪಗಳಿಗೆ ತಿರುಗುತ್ತವೆ. ಎಂದರೆ ಶತಮಾನದ ನಡುವಿನ ಹೊತ್ತಿಗೆ, ಸೀಸವಿಲ್ಲದೆಯೂ ತಾಳ್ಮೆಯುಳ್ಳ ಪೆಟ್ರೋಲನ್ನು ತಯಾರಿಸುವ ವಿದ್ಯೆ ಮನುಷ್ಯರ ಕೈಸೇರಿತ್ತು. ವೆಚ್ಚ ತುಸು ಹೆಚ್ಚು, ಅಷ್ಟೆ.

ಈ ವಿಷಯದ ಸತ್ಯವನ್ನು ಹೊರಗೆಳೆದವರು ಮೋಟಾರಿಗೂ ವೈದ್ಯಕ್ಕೂ ಸಂಬಂಧಿಸದ ಒಬ್ಬ ಭೂವಿಜ್ಞಾನಿ ಎಂಬುದು ಆಶ್ಚರ್ಯಕರವಾದ ಸಂಗತಿ. ಕ್ಲೇರ್ ಪ್ಯಾಟರ್ಸನ್ ಎಂಬವರು ಭೂಮಿಯ ವಯಸ್ಸನ್ನು ಗಣಿಸುವುದಕ್ಕಾಗಿ ಉಲ್ಕಾಶಿಲೆಗಳಲ್ಲಿರುವ ಅತ್ಯಲ್ಪ ಸೀಸವನ್ನು ಅಳೆಯುತ್ತಿದ್ದರು. ಅಳತೆಗಳು ಪದೇಪದೇ ಕೆಟ್ಟುಹೋದುವು. ಕಾರಣವೇನೆಂದರೆ ಗಾಳಿಯಲ್ಲಿ, ಪಾತ್ರೆಗಳಲ್ಲಿ, ನೀರಿನಲ್ಲಿ, ಅಳೆಯುವವರ ಕೂದಲಿನಲ್ಲಿ ಎಲ್ಲೆಲ್ಲಿಯೂ ಸೀಸ! ಧೂಳಿನ ಸೋಂಕಿಲ್ಲದ ಕೊಠಡಿಯನ್ನು ಕಟ್ಟಿಕೊಂಡು ಅವರು 1956ರಲ್ಲಿ ಭೂಮಿಯ ವಯಸ್ಸು ಸುಮಾರು 455 ಕೋಟಿ ವರ್ಷಗಳೆಂದು ಪ್ರಕಟಿಸಿದರು. ಅನಂತರ ಆ ಎಲ್ಲೆಲ್ಲಿಯ ಸೀಸ ಬಂದುದೆಲ್ಲಿಂದ ಎಂಬ ಪ್ರಶ್ನೆಯನ್ನು ಹಿಡಿದರು. 1965ರಲ್ಲಿ ಬರೆದ ಲೇಖನದಲ್ಲಿ, ಅಮೆರಿಕದ ಜನರ ದೇಹದಲ್ಲಿರುವ ಸೀಸವು ಸಾಮಾನ್ಯವಾಗಿರಬಹುದು, ಸಹಜವಂತೂ ಅಲ್ಲ, ಸಹಜ ಪ್ರಮಾಣಕ್ಕಿಂತ ಸುಮಾರು ನೂರು ಮಡಿ ಹೆಚ್ಚಾಗಿದೆಯೆಂದು ತೋರಿಸಿದರು. ಗ್ರೀನ್‌ಲೆಂಡಿನ ಹಿಮದಲ್ಲಿ ಪದರಪದರವಾಗಿ ಸೀಸವನ್ನು ಅಳೆದು 1969ರಲ್ಲಿ ಪ್ರಕಟಿಸಿದ ಫಲಿತಾಂಶದಂತೆ, ಪ್ರಾಚೀನ ಪದರಗಳಿಗಿಂತ ಹೊಸ ಪದರಗಳಲ್ಲಿ ಸೀಸ ಸುಮಾರು ಇನ್ನೂರು ಮಡಿ ಏರಿತ್ತು. 1940ರಿಂದೀಚೆಗೆ ಏರಿಕೆ ಅತಿ ತೀವ್ರವಾಗಿತ್ತು. ಮನುಷ್ಯವಾಸವಿಲ್ಲದ ಹಿಮದ ಮರುಭೂಮಿಯನ್ನೂ ನಗರಗಳ ಹೊಗೆ ಮುಟ್ಟಿತ್ತು. 1979ರಲ್ಲಿ ಹರ್ಬರ್ಟ್ ನೀಡಲ್ಮನ್ ಎಂಬ ವೈದ್ಯರು ಮಕ್ಕಳ ಉದುರಿದ ಹಾಲುಹಲ್ಲುಗಳಲ್ಲಿನ ಸೀಸವನ್ನು ಅಳೆದು, ಸೀಸ ಹೆಚ್ಚಿದ್ದ ಮಕ್ಕಳು ರೋಗದ ಲಕ್ಷಣವೇನೂ ಇಲ್ಲದಿದ್ದರೂ ಬುದ್ಧಿಪರೀಕ್ಷೆಯಲ್ಲಿಯೂ ತರಗತಿಯ ಏಕಾಗ್ರತೆಯಲ್ಲಿಯೂ ಹಿಂದೆ ಬೀಳುವರೆಂದು ತೋರಿಸಿದರು.

ಕೇಡಿಲ್ಲದ ಮಿತಿಯೊಂದಿದೆ ಎಂಬ ನಂಬಿಕೆ ಹೇಗೆ ಕರಗಿತೆಂಬುದಕ್ಕೆ ಅಂಕಗಳೇ ಸಾಕ್ಷಿ. ಮಕ್ಕಳ ರಕ್ತದಲ್ಲಿ ಡೆಸಿಲೀಟರಿಗೆ ಇಷ್ಟು ಮೈಕ್ರೋಗ್ರಾಂ ಸೀಸವಿದ್ದರೆ ಎಚ್ಚರಗೊಳ್ಳಬೇಕೆಂದು ಅಮೆರಿಕದ ಆರೋಗ್ಯ ಇಲಾಖೆ ಹೇಳುತ್ತಿದ್ದ ಅಂಕವು 1960ರ ದಶಕದಲ್ಲಿ 60; 1985ರಲ್ಲಿ 25; 1991ರಲ್ಲಿ 10; 2012ರಲ್ಲಿ 5; 2021ರಲ್ಲಿ 3.5. ಮಗುವಿಗೆ ನಿರಪಾಯಕರವಾದ ಸೀಸದ ಪ್ರಮಾಣವೆಂಬುದು ಯಾವುದೂ ಗೊತ್ತಿಲ್ಲವೆಂಬುದು ಈಗಿನ ವೈದ್ಯಶಾಸ್ತ್ರದ ತೀರ್ಮಾನ. ಇದನ್ನೇ ಹೆಂಡರ್ಸನ್, ಹ್ಯಾಮಿಲ್ಟನ್ ಅವರು 1925ರಲ್ಲಿ ಶಂಕಿಸಿದ್ದರು.

ಹೀಗಿದ್ದರೂ ಸೀಸದ ಪತನಕ್ಕೆ ಒಡನೆಯ ಕಾರಣವಾದದ್ದು ಮಕ್ಕಳ ಮೇಲಿನ ಮರುಕಕ್ಕಿಂತ ಹೆಚ್ಚಾಗಿ ಒಂದು ಯಂತ್ರದ ಅವಶ್ಯಕತೆ. 1970ರ ಅಮೆರಿಕದ ಶುದ್ಧವಾಯು ಶಾಸನವು ಮೋಟಾರುಗಳ ಹೊಗೆಯನ್ನು ಬಹುಮಟ್ಟಿಗೆ ತಗ್ಗಿಸಬೇಕೆಂದು ವಿಧಿಸಿತು. ಇದಕ್ಕಾಗಿ 1975ರ ಗಾಡಿಗಳಿಂದ ಮೊದಲಾಗಿ ಹೊಗೆಕೊಳವೆಯಲ್ಲಿ ಪ್ಲಾಟಿನಮ್ಮಿನ ಲೇಪವುಳ್ಳ ಶೋಧಕವನ್ನು ಕೂರಿಸಿದರು. ಸೀಸವು ಆ ಲೇಪವನ್ನು ಮುಚ್ಚಿ ನಿಷ್ಫಲಗೊಳಿಸುತ್ತದೆ. ಮಗುವಿನ ಮಿದುಳಿಗಾಗಿ ಬಿಡದ ಸೀಸವನ್ನು ಲೋಹದ ಪೆಟ್ಟಿಗೆಗಾಗಿ ಬಿಡಬೇಕಾಯಿತು! ಫಲ ಮಾತ್ರ ಶೀಘ್ರವಾಗಿ ಕಂಡಿತು. 1976ರಿಂದ 1980ರವರೆಗೆ ಪೆಟ್ರೋಲಿನ ಸೀಸ ಇಳಿದಂತೆ ಅಮೆರಿಕದ ಜನರ ರಕ್ತದಲ್ಲಿನ ಸೀಸದ ಸರಾಸರಿಯು ಶೇಕಡ 37ರಷ್ಟು ಇಳಿಯಿತು. ಎರಡು ಗೆರೆಗಳೂ ಜೊತೆಜೊತೆಯಾಗಿ ಇಳಿದುದನ್ನು ಕಂಡ ಮೇಲೆ ವಾದಕ್ಕೆ ಅವಕಾಶವಿಲ್ಲವಾಯಿತು.

ನಮ್ಮ ದೇಶದಲ್ಲಿ 1995ರ ಏಪ್ರಿಲ್‌ನಿಂದ ನಾಲ್ಕು ಮಹಾನಗರಗಳಲ್ಲಿ ಹೊಸ ಗಾಡಿಗಳಿಗೆ ಶೋಧಕವನ್ನೂ ಸೀಸರಹಿತ ಪೆಟ್ರೋಲನ್ನೂ ಒದಗಿಸಿದರು. 1999ರ ಫೆಬ್ರವರಿಯಲ್ಲಿ ಸೀಸದ ವಿಷವನ್ನು ಕುರಿತ ಅಂತರರಾಷ್ಟ್ರೀಯ ಸಮ್ಮೇಳನವೊಂದು ನಮ್ಮ ಬೆಂಗಳೂರಿನಲ್ಲಿಯೇ ನೆರೆಯಿತು. ಜಾರ್ಜ್ ಫೌಂಡೇಷನ್ ಎಂಬ ಸಂಸ್ಥೆಯು ಬೆಂಗಳೂರೂ ಸೇರಿದಂತೆ ದೇಶದ ದೊಡ್ಡ ನಗರಗಳಲ್ಲಿ ನಡೆಸಿದ್ದ ರಕ್ತಪರೀಕ್ಷೆಯಲ್ಲಿ, 12 ವರ್ಷದೊಳಗಿನ ಮಕ್ಕಳಲ್ಲಿ ಅರ್ಧಕ್ಕೂ ಹೆಚ್ಚು ಮಂದಿಯ ರಕ್ತದಲ್ಲಿ ಸೀಸವು ಆಗಿನ ಎಚ್ಚರಿಕೆಯ ಅಂಕವಾದ 10ನ್ನು ಮೀರಿತ್ತು. 2000ದ ಫೆಬ್ರವರಿ 1ರಿಂದ ದೇಶದಲ್ಲೆಲ್ಲ ಸೀಸ ಬೆರೆತ ಪೆಟ್ರೋಲಿನ ಮಾರಾಟ ನಿಂತಿತು. ಲೋಕದಲ್ಲಿ ಕಡೆಯದಾಗಿ ಆಲ್ಜೀರಿಯಾ ದೇಶವು 2021ರ ಜುಲೈಯಲ್ಲಿ ಇದನ್ನು ಬಿಟ್ಟಿತು. ಈಗ ಸೀಸವು ಉಳಿದಿರುವುದು ಮುಖ್ಯವಾಗಿ ಪಿಸ್ಟನ್ ಎಂಜಿನಿನ ಚಿಕ್ಕ ವಿಮಾನಗಳ ಇಂಧನದಲ್ಲಿ.

ಸೀಸ ಹೋದ ಮೇಲೆ ಪೆಟ್ರೋಲಿಗೆ ತಾಳ್ಮೆ ಬರುವುದೆಲ್ಲಿಂದ? ಬಹುಭಾಗ ಶುದ್ಧೀಕರಣದ ಶಾಲೆಯಿಂದಲೇ. ಮಂಗಳೂರಿನ ಉತ್ತರಕ್ಕೆ ಕಾಟಿಪಳ್ಳದ ಬಳಿಯಿರುವ, ವರ್ಷಕ್ಕೆ ಒಂದೂವರೆ ಕೋಟಿ ಟನ್ ತೈಲವನ್ನು ಶುದ್ಧಿಮಾಡುವ ಸಾಮರ್ಥ್ಯವುಳ್ಳ ಶಾಲೆಯಲ್ಲಿಯೂ, ಮೇಲೆ ಹೇಳಿದಂತೆ ಒಡೆಯುವ ಮತ್ತು ರೂಪ ತಿರುಗಿಸುವ ಯಂತ್ರಸ್ಥಾವರಗಳಿವೆ. ಆದರೆ ರೂಪ ತಿರುಗಿಸುವಾಗ ಬೆಂಜೀನೆಂಬ ವಸ್ತುವೂ ಹುಟ್ಟುತ್ತದೆ; ಅದು ರಕ್ತದ ಕ್ಯಾನ್ಸರಿಗೆ ಕಾರಣವಾಗಬಲ್ಲದು. ಆದಕಾರಣ ಪೆಟ್ರೋಲಿನಲ್ಲಿ ಅದು ನೂರಕ್ಕೆ ಒಂದು ಪಾಲನ್ನು ಮೀರಬಾರದೆಂಬ ನಿಯಮ ನಮ್ಮಲ್ಲಿದೆ. ಎಂ.ಟಿ.ಬಿ.ಇ. ಎಂಬ ಇನ್ನೊಂದು ಬೆರಕೆಯನ್ನು ಅಮೆರಿಕದವರು 1979ರಿಂದ ಬಳಸಿದರು. ಅದು ತೊಟ್ಟಿಗಳಿಂದ ಸೋರಿ ಅಂತರ್ಜಲವನ್ನು ಕೆಡಿಸಿದುದು 1996ರಲ್ಲಿ ಕ್ಯಾಲಿಫೋರ್ನಿಯದ ಸಾಂಟಾ ಮೋನಿಕಾ ನಗರದ ಬಾವಿಗಳಲ್ಲಿ ಗೊತ್ತಾಯಿತು.

ಕಡೆಗೆ ಲೋಕವು 1921ರಲ್ಲಿ ಬದಿಗೊತ್ತಿದ್ದ ಮದ್ಯಸಾರಕ್ಕೇ ಹಿಂದಿರುಗಿದೆ. ಇದು ಕನ್ನಡನಾಡಿಗೆ ಅಪರಿಚಿತವಲ್ಲ. 1933ರಲ್ಲಿ ಸ್ಥಾಪಿತವಾದ ಮಂಡ್ಯದ ಸಕ್ಕರೆ ಕಾರ್ಖಾನೆಯು ಕಾಕಂಬಿಯಿಂದ ಮದ್ಯಸಾರವನ್ನು ತೆಗೆಯುತ್ತಿತ್ತು. ಪೆಟ್ರೋಲಿಗೆ ಅದನ್ನು ಬೆರಸುವುದಕ್ಕಾಗಿ 1948ರಲ್ಲಿ ಭಾರತದಲ್ಲಿ ಶಾಸನವೂ ಆಯಿತು. ಮದ್ಯಸಾರದ ಆಕ್ಟೇನ್ ಸಂಖ್ಯೆ ನೂರನ್ನು ಮೀರುತ್ತದೆ. 2025ರ ಹೊತ್ತಿಗೆ ನಮ್ಮ ದೇಶದ ಪೆಟ್ರೋಲಿನಲ್ಲಿ ಅದರ ಬೆರಕೆ ನೂರಕ್ಕೆ 20 ಪಾಲನ್ನು ಮುಟ್ಟಿತು. ಇದರಲ್ಲಿಯೂ ಲಾಭನಷ್ಟಗಳೆರಡೂ ಇವೆ. ಲೀಟರಿಗೆ ಲೀಟರಿನಂತೆ ಮದ್ಯಸಾರದ ಶಾಖವು ಪೆಟ್ರೋಲಿನದಕ್ಕಿಂತ ಸುಮಾರು ಮೂರರಲ್ಲೊಂದು ಪಾಲು ಕಡಮೆ. ಆದ್ದರಿಂದ ಗಾಡಿ ಓಡುವ ದೂರ ತುಸು ಇಳಿಯುತ್ತದೆ. ಅದು ನೀರನ್ನು ಹೀರುತ್ತದೆ. ಹಳೆಯ ಗಾಡಿಗಳ ರಬ್ಬರಿನ ಕೊಳವೆಗಳಿಗೆ ಹಿತವಲ್ಲ. ಕಬ್ಬು, ಜೋಳ, ಅಕ್ಕಿಗಳನ್ನು ಇಂಧನಕ್ಕೆ ಕೊಟ್ಟಾಗ ನೀರಿನ ಮತ್ತು ಆಹಾರದ ಲೆಕ್ಕವನ್ನೂ ಇಡಬೇಕಾಗುತ್ತದೆ. ಇವನ್ನೆಲ್ಲ ಬಹಿರಂಗವಾಗಿ ಅಳೆದು ಹೇಳುವುದೇ ವಿವೇಕ. ಮುಚ್ಚಿಡುವುದರ ಫಲವನ್ನು ಸೀಸದಲ್ಲಿ ಕಂಡಿದ್ದೇವೆ.

ಕೇಳುಗರಿಗೆ ಬಳಕೆಯ ಮಾತೊಂದೆರಡನ್ನು ಅರಿಕೆಮಾಡುತ್ತೇವೆ. ಗಾಡಿಯನ್ನು ಕಟ್ಟಿದವರು 91 ಆಕ್ಟೇನ್ ಸಾಕೆಂದು ಪುಸ್ತಕದಲ್ಲಿ ಹೇಳಿದ್ದರೆ, ಹೆಚ್ಚು ಹಣ ಕೊಟ್ಟು 97ರ ಪೆಟ್ರೋಲನ್ನು ಹಾಕಿಸುವುದರಿಂದ ಸಾಮಾನ್ಯವಾಗಿ ಪ್ರಯೋಜನವಿಲ್ಲ. ಹೆಚ್ಚು ಒತ್ತುವ ಎಂಜಿನಿಗೆ ಮಾತ್ರ ಹೆಚ್ಚು ತಾಳ್ಮೆಯ ಇಂಧನ ಬೇಕು. ಎರಡನೆಯದಾಗಿ, ಸೀಸವು ಕೊಳೆತು ಹೋಗುವ ವಸ್ತುವಲ್ಲ. ಹಿಂದೆ ವಾಹನಗಳಿಂದ ಬಿದ್ದ ಸೀಸ ದೊಡ್ಡ ರಸ್ತೆಗಳ ಪಕ್ಕದ ಮಣ್ಣಿನಲ್ಲಿ ಇನ್ನೂ ಇದೆ. ಹಳೆಯ ಬಣ್ಣ, ಹಳೆಯ ಬ್ಯಾಟರಿಗಳನ್ನು ಕರಗಿಸುವ ಕೊಟ್ಟಿಗೆಗಳು ಈಗಲೂ ಸೀಸವನ್ನು ಹರಡುತ್ತಿವೆ. ಮಕ್ಕಳು ಹೊರಗೆ ಆಡಿ ಬಂದೊಡನೆ ಕೈತೊಳೆಯಿಸುವುದು, ಮನೆಯ ಧೂಳನ್ನು ಒಣಪೊರಕೆಯಿಂದ ಹಾರಿಸದೆ ಒದ್ದೆಬಟ್ಟೆಯಿಂದ ಒರಸುವುದು ಅಲ್ಪಕಾರ್ಯಗಳಾದರೂ ಫಲಕಾರಿಯಾದುವು.

ಮಹನೀಯರೇ, ಈ ವೃತ್ತಾಂತದಲ್ಲಿ ದುಷ್ಟರನ್ನು ಹುಡುಕಿ ದೂಷಿಸುವುದು ನಮ್ಮ ಉದ್ದೇಶವಲ್ಲ. ಎಂಜಿನಿನ ಬಡಿತವನ್ನು ನಿಲ್ಲಿಸಿದವರ ಬುದ್ಧಿ ಸಾಮಾನ್ಯವಾದುದಲ್ಲ. ಮನುಷ್ಯರ ದುಡಿಮೆಯನ್ನು ಹಗುರಮಾಡಬೇಕೆಂಬ ಬಯಕೆಯೂ ಅವರಲ್ಲಿ ಇದ್ದಿತು. ಆದರೆ ಹೊಸ ವಸ್ತುವೊಂದು ಮನೆಮನೆಯ ಗಾಳಿಯನ್ನು ಹೊಗುವಾಗ, ಅದರಿಂದ ಲಾಭ ಪಡೆಯುವವರೇ ಅದರ ಪರೀಕ್ಷಕರೂ ಆದರೆ ಏನಾಗುತ್ತದೆಂಬುದಕ್ಕೆ ಇದು ನಿದರ್ಶನ. ಕೇಡಾಗಿದೆಯೆಂದು ನೊಂದವರು ತೋರಿಸಬೇಕೆ, ಕೇಡಿಲ್ಲವೆಂದು ಮಾರುವವರು ತೋರಿಸಬೇಕೆ? 1925ರಲ್ಲಿ ಈ ಪ್ರಶ್ನೆಗೆ ಲೋಕವು ಕೊಟ್ಟ ಉತ್ತರದ ಬೆಲೆಯನ್ನು ಆ ಸಭೆಯಲ್ಲಿ ಕುಳಿತಿದ್ದವರು ತೆರಲಿಲ್ಲ. ಅಂದು ಇನ್ನೂ ಹುಟ್ಟಿಲ್ಲದಿದ್ದ ಮಕ್ಕಳು ತೆತ್ತರು. ಇನ್ನು ಮುಂದೆ ಇಂಥ ಪ್ರಶ್ನೆ ಬಂದಾಗ, ಆಗ ಇನ್ನೂ ಹುಟ್ಟಿಲ್ಲದವರ ಪರವಾಗಿ ಮಾತನಾಡುವ ಒಬ್ಬರಾದರೂ ಸಭೆಯಲ್ಲಿರುವಂತೆಯೂ, ಅವರ ಮಾತು ಕಾಗದದಲ್ಲಿಯೇ ಉಳಿಯದಂತೆಯೂ ನೋಡಿಕೊಳ್ಳುವುದು ವಿದ್ಯಾವಂತರಾದ ನಮ್ಮೆಲ್ಲರ ಹೊಣೆ.